ಗುಮಾಸ್ತರ ಹಣೆಗೆ ಸೂಜಿ

ಎಣ್ಣೆ ಇದ್ದಾಗ ಗುರುತು ಹತ್ತುವುದಿಲ್ಲ, ಎಣ್ಣೆ ಆರಿದ ಮೇಲೆ ಸಿಟ್ಟು ಬರುವುದಿಲ್ಲ. ಅದೇನು ಹೇಳಿ? ತಲೆ ಕೆರೆದುಕೊಳ್ಳಬೇಡಿ, ನಿಮ್ಮಿಂದಾಗದು. ಅದು ನೀರು ಸರಬರಾಜು ಕಚೇರಿಯ ಗುಮಾಸ್ತರ ಹಣೆ.

ಸದರಿ ಹಣೆಯು ಬೆಳಿಗ್ಗೆ ತೊಳೆದರೆ ಕಚೇರಿ ತಲುಪುವ ಹೊತ್ತಿಗೆ ಮತ್ತೆ ಮಿರಮಿರ ಮಿಂಚುತ್ತಿತ್ತು. ಮುಖ ನೋಡಿ ಹಾಜರಿ ಹಾಕುವ ಹೊಸ ಯಂತ್ರ ಅವರನ್ನು ಟ್ಯೂಬ್‌ಲೈಟ್ ಎಂದು ತಿಳಿದು ದಿನವೂ ಗೈರುಹಾಜರಿ ಹಾಕುತ್ತಿತ್ತು. ಹೀಗೇ ಮುಂದುವರಿದರೆ ಕೆಲಸದಿಂದ ತೆಗೆಯಲಾಗುವುದು ಎಂಬ ನೋಟಿಸನ್ನು ಗೈರುಹಾಜರಾಗಿದ್ದ ಅವರೇ ಟೈಪು ಮಾಡಿ, ಸಹಿ ಹಾಕಿಸಿ, ತಮಗೆ ತಾವೇ ತಲುಪಿಸಿಕೊಂಡರು.

"ನಿಮ್ಮ ತಲೆದಿಂಬು ಹಿಂಡಿದ್ರೆ ಮನೆ ಬಾಗಿಲೆಲ್ಲ ಕಿರುಗುಟ್ಟೋದು ನಿಲ್ಲುತ್ತೆ," ಎಂದಳು ಹೆಂಡತಿ. "ಹೋಗಿ ಡಾಕ್ಟರಿಗೆ ತೋರಿಸ್ರೀ."

"ಸದ್ಯ, ಮನೇಲಿ ಒಂದಕ್ಕಾದ್ರೂ ಉಪಯೋಗಕ್ಕೆ ಬಂದೆನಲ್ಲ," ಎಂದು ಗುಮಾಸ್ತರು ಹೊರಟರು.

ಚರ್ಮದ ಡಾಕ್ಟರಮ್ಮ ಸಣ್ಣ ಸೂಜಿಯಲ್ಲಿ ಹಣೆ ತುಂಬ ಬೊಟುಲಿನಮ್ ಎಂಬ ವಿಷವನ್ನು ಚುಚ್ಚತೊಡಗಿದರು.

"ವಿಷಾನಾ ಮೇಡಂ?"

"ಹನಿಯಷ್ಟೇ. ಜಿಡ್ಡು ಕಮ್ಮಿಯಾಗುತ್ತೆ. ಹುಬ್ಬು ಮಾತ್ರ ಸ್ವಲ್ಪ ದಿನ ಅಲುಗಾಡದೇ ಇರಬಹುದು."

"ಪರವಾಗಿಲ್ಲ ಬಿಡಿ. ನಮ್ಮ ಕಚೇರೀಲಿ ಯಾವುದು ತಾನೇ ಅಲುಗಾಡುತ್ತೆ?"

ಹಣೆ ಒಣಗಿತು. ಯಂತ್ರ ಗುರುತು ಹಿಡಿಯಿತು. ಕೆಲಸ ಉಳಿಯಿತು ಎನ್ನುವಷ್ಟರಲ್ಲಿ ಆಡಳಿತಾತ್ಮಕ ತೊಡಕೊಂದು ಉದ್ಭವಿಸಿತು. ಸದರಿ ಕಚೇರಿಯಲ್ಲಿ ಅರ್ಜಿ ತಿರಸ್ಕರಿಸಲು ಬರೆದಿಟ್ಟ ನಿಯಮವಿಲ್ಲ. ಗುಮಾಸ್ತರು ಹುಬ್ಬು ಗಂಟಿಕ್ಕತಕ್ಕದ್ದು, ಅರ್ಜಿದಾರರು "ನಾಳೆ ಬರ್ತೀನಿ ಸಾರ್" ಎಂದು ತಾವಾಗಿಯೇ ಹೊರಡತಕ್ಕದ್ದು. ಮೊದಲಿನಿಂದಲೂ ಹೀಗೇ ನಡೆದು ಬಂದಿದೆ. ಈಗ ಎಷ್ಟು ತಿಣುಕಿದರೂ ಹಣೆ ತೊಳೆದಿಟ್ಟ ತಟ್ಟೆಯ ಹಾಗೆ ನುಣ್ಣಗೇ ಇತ್ತು. ನಲ್ಲಿ ಕೇಳಲು ಬಂದ ಅಜ್ಜಿ, "ಈ ನನ್ನಪ್ಪ ಬೇಡ ಅಂತಿಲ್ಲ," ಎಂದು ಅಲ್ಲೇ ಕೂತಳು. ಅರ್ಜಿ ಪಾಸಾಗಿ, ಸಾಯಂಕಾಲಕ್ಕೆ ಅಜ್ಜಿಯ ಬೀದಿಗೆಲ್ಲ ನೀರು ಬಂತು.

ಮೇಲಧಿಕಾರಿ ಕರೆಸಿದರು. "ಏನ್ರೀ ಇದು, ಜನಕ್ಕೆ ನೀರು ಹೋಗ್ತಿದೆಯಂತೆ?"

"ಸಿಟ್ಟು ಮಾಡ್ಕೋತಾನೇ ಇದೀನಿ ಸಾರ್, ಹೊರಗೆ ಬರ್ತಿಲ್ಲ."

"ಬರೋ ಹಾಗೆ ಮಾಡಿ. ಇಲ್ಲಾಂದ್ರೆ ನೀವು ಹೊರಗೆ ಹೋಗಿ."

ಕೊನೆಗೆ ಸುತ್ತೋಲೆ ಹೊರಬಿತ್ತು: 'ಗುಮಾಸ್ತರ ಪರವಾಗಿ ಹುಬ್ಬು ಗಂಟಿಕ್ಕಲು, ದೀರ್ಘ ಅನುಭವವನ್ನು ಪರಿಗಣಿಸಿ, ಅವರ ಶ್ರೀಮತಿಯವರನ್ನು ಗುತ್ತಿಗೆ ಆಧಾರದ ಮೇಲೆ ನೇಮಿಸಲಾಗಿದೆ. ಸಾರ್ವಜನಿಕರು ಮೊದಲು ಗುಮಾಸ್ತರನ್ನು, ನಂತರ ಶ್ರೀಮತಿಯವರನ್ನು ನೋಡತಕ್ಕದ್ದು.' ಜನ ಶಿಸ್ತಾಗಿ ಸಾಲು ನಿಂತು ಇಬ್ಬರನ್ನೂ ನೋಡಿ ಮನೆಗೆ ಹೋದರು. ನಲ್ಲಿಗಳು ಮೊದಲಿನಂತೆ ಒಣಗಿದವು.

ಸುತ್ತೋಲೆಯಿಂದ ಈಚೆಗಿನದು ನಾನೇ ಕಟ್ಟಿದ್ದು. ನಿಜಕ್ಕೂ ಹುಬ್ಬಿಗೆ ಗಂಟು ಬೀಳಲೇ ಇಲ್ಲ, ಅರ್ಜಿಗಳು ಪಾಸಾಗುತ್ತ ಹೋದವು, ಬೀದಿಬೀದಿಗೂ ನೀರು ಬಂತು, ಗುಮಾಸ್ತರ ಕೆಲಸವೂ ಹೋಗಲಿಲ್ಲ. ಅದನ್ನೇ ಬರೆದಿದ್ದರೆ ನೀವು ನನ್ನನ್ನು ಸುಳ್ಳ ಅಂತಿದ್ರಿ.