ಪಣಂಬೂರಿನ ಮುಸಾಫಿರ ಬಂಗ್ಲೆಯಲ್ಲಿ ನಮ್ಮ ಬಿಡಾರ

ಜನರನ್ನು ಮನೆ ಬಿಡಿಸುವ ಕೆಲಸಕ್ಕೆ ಹೋದವನಿಗೆ ನಗು ಬರಬಾರದು, ಬಂದರೂ ನಗಬಾರದು. ಆದರೆ ನನ್ನ ಹಣೆಬರಹ ನೋಡಿ, ಇಂಥ ಪ್ರಸಂಗಗಳೆಲ್ಲ ಹುಡುಕಿಕೊಂಡು ಬರುವುದು ಅಂಥ ಕಡೆಯೇ. ಅರುವತ್ತರ ದಶಕದಲ್ಲಿ ಪಣಂಬೂರಿಗೆ ಬಂದರು ಬರುತ್ತದೆ ಎಂದಾಯಿತು. ಕಡಲ ಬದಿಯ ಮನೆಗಳನ್ನು ಅಳೆದು, ನಕ್ಷೆ ಮಾಡಿ, ಬಾಗಿಲಿಗೆ ನಂಬ್ರ ಹಾಕುವ ತಂಡದಲ್ಲಿ ನಾನೂ ಒಬ್ಬ. ಉರ್ವದ ನಮ್ಮ ಮನೆಯಲ್ಲಿ ಅಮ್ಮ, "ಸಮುದ್ರದ ಗಾಳಿ, ದೊರೆಗಳ ಬಂಗ್ಲೆ, ಒಳ್ಳೆ ರಾಜಯೋಗ ನಿನಗೆ" ಎಂದು ಹಾಸಿಗೆ ಸುತ್ತಿಕೊಟ್ಟರು. ಆಗಿನ ಪಣಂಬೂರು ಎಂದರೆ ಮರಳು, ತೆಂಗು, ಬಲೆ ಒಣಗಿಸುವ ಅಂಗಳ. ಮಧ್ಯಾಹ್ನ ಒಂದು ಕಾಗೆ ಕೂಗಿದರೆ ಊರಿಗೆಲ್ಲ ಕೇಳುತ್ತಿತ್ತು.

ಮೂರು ದಿನದ ರೂಲು

ಬಂಗ್ಲೆ ಬ್ರಿಟಿಷರ ಕಾಲದ್ದು. ಕಲೆಕ್ಟರ್ ದೊರೆ ಕುದುರೆ ಮೇಲೆ ಬಂದು ಇಳಿಯುತ್ತಿದ್ದನಂತೆ. ದೊರೆ ಹೋದ, ಕುದುರೆ ಹೋಯಿತು, ಉಳಿದವರು ಬಟ್ಲರ್ ಒಬ್ಬರೇ. ಅರುವತ್ತರ ಆಸುಪಾಸಿನ ಬ್ಯಾರಿ ಮುದುಕ. ಲುಂಗಿಯ ಮೇಲೆ ಹಿತ್ತಾಳೆ ಗುಂಡಿಯ ಬಿಳಿ ಕೋಟು. ನಾವು ಬಟ್ಲರ್ ಕಾಕ ಎನ್ನುತ್ತಿದ್ದೆವು. ಜಗಲಿಯ ಗೋಡೆಯಲ್ಲಿ ಒಂದು ಬೋರ್ಡು ಇತ್ತು: ಯಾವ ಪ್ರವಾಸಿಯೂ ಮೂರು ದಿನಕ್ಕಿಂತ ಹೆಚ್ಚು ತಂಗತಕ್ಕದ್ದಲ್ಲ. ನಮ್ಮ ಕೆಲಸವೋ ಆರು ತಿಂಗಳದ್ದು.

ನಾಲ್ಕನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಟ್ರಂಕುಗಳೆಲ್ಲ ಅಂಗಳದಲ್ಲಿ!

"ಎಂತ ಕಾಕ ಇದು?"

"ಮೂರು ದಿನ ಆಯ್ತಲ್ಲ ಸಾರ್. ಹೊರಡಬೇಕು."

"ಎಲ್ಲಿಗೆ ಹೋಗುವುದು?"

"ಅದು ರೂಲಿನಲ್ಲಿ ಇಲ್ಲ."

ಕಾಡಿ ಬೇಡಿದ ಮೇಲೆ ಅವರೇ ಉಪಾಯ ಹೇಳಿದರು. ನಾವು ಗಂಟುಮೂಟೆ ಹೊತ್ತು ಗೇಟಿನಾಚೆ ಹೋಗಬೇಕು, ಮರಳಿನಲ್ಲಿ ಸ್ವಲ್ಪ ಹೊತ್ತು ನಿಂತು ವಾಪಸು ಬರಬೇಕು. ಹಾಗೆಯೇ ಮಾಡಿದೆವು. ಕಾಕ ಗೇಟಿನಲ್ಲೇ ಸಲಾಮು ಹೊಡೆದು, "ಬನ್ನಿ ಸಾರ್, ಬನ್ನಿ! ಯಾವ ಊರಿಂದ ಬಂದದ್ದು?" ಎಂದು ಟ್ರಂಕಿಗೆ ಕೈ ಹಾಕಿದರು. ಆರು ತಿಂಗಳೂ ಇದೇ ಆಟ. ನಾವು ಹೊರಡುವ ದಿನ ಊರಿನವರು ಬೇಲಿ ಬದಿಯಲ್ಲಿ ಬಂದು ಸಾಲಾಗಿ ನಿಲ್ಲುತ್ತಿದ್ದರು. ತಮ್ಮನ್ನು ಎಬ್ಬಿಸಲಿಕ್ಕೆ ಬಂದವರನ್ನು ಎಬ್ಬಿಸಲಿಕ್ಕೂ ಒಬ್ಬ ಇದ್ದಾನಲ್ಲ ಎಂದು ಅವರಿಗೆ ಖುಷಿ.

ಬೆಲ್ಲ ನೀರು

ನಮ್ಮ ಕಡೆ ಮನೆಗೆ ಯಾರೇ ಬರಲಿ, ಮೊದಲು ಬೆಲ್ಲ, ನೀರು. ಮಾತು ಆಮೇಲೆ. ಬಂದವನು ಮನೆ ಮುರಿಯಲಿಕ್ಕೆ ಬಂದವನಾದರೂ ಅದು ತಪ್ಪುವುದಿಲ್ಲ. ಮೊದಲ ಮನೆಯಲ್ಲಿ ಮೀನು ಮಾರುವ ಒಬ್ಬ ಅಜ್ಜಿ, "ಕೂತ್ಕೊಳ್ಳಿ ಮಾರಾಯ್ರೇ, ಬಿಸಿಲಿಗೆ ಬಂದಿದ್ದೀರಿ" ಎಂದು ಬೆಲ್ಲದ ಅಚ್ಚನ್ನೇ ಒಡೆದು ಕೊಟ್ಟಳು. ಅವಳ ಬೆಲ್ಲ ಚೀಪುತ್ತಲೇ ಅವಳ ಅಡುಗೆಮನೆ ಅಳೆದೆವು. ಬೇಡ ಎಂದರೆ ಮನೆಯವರಿಗೆ ಅವಮಾನ. ಸಂಜೆಯೊಳಗೆ ಇಪ್ಪತ್ತು ಮನೆ, ಇಪ್ಪತ್ತು ತುಂಡು ಬೆಲ್ಲ. ಬಂಗ್ಲೆಗೆ ಬಂದ ಮೇಲೆ ಇಡೀ ತಂಡ ಇದ್ದೊಂದು ಕಕ್ಕಸಿನ ಎದುರು ಚೊಂಬು ಹಿಡಿದು ಕ್ಯೂ ನಿಂತಿತು.

ಮರುದಿನ ಅಜ್ಜಿ ನನ್ನ ಮುಖ ನೋಡಿ, "ಅಯ್ಯೋ ದೇವರೇ, ಒಂದೇ ದಿನಕ್ಕೆ ಎಂತ ಆಯ್ತು ನಿಮಗೆ?" ಎಂದು ಕರೆದು ಕೂರಿಸಿ ಜೀರಿಗೆ ಕಷಾಯ ಮಾಡಿಕೊಟ್ಟಳು. ನಾನು ಕುಡಿಯುತ್ತಿರುವಾಗ ಮೆಲ್ಲ ಕೇಳಿದಳು:

"ನಮಗೆ ಕಾಟಿಪಳ್ಳದ ಗುಡ್ಡದಲ್ಲಿ ಜಾಗ ಕೊಡ್ತಾರಂತೆ. ಅಲ್ಲಿಂದ ಕಡಲು ಕಾಣ್ತದಾ?"

"ಇಲ್ಲ ಅಜ್ಜಿ."

"ಹಾಗಾದರೆ ನನ್ನ ಮಗ ಬಲೆ ಎಲ್ಲಿಗೆ ಬೀಸುವುದು? ಗೇರು ಮರಕ್ಕಾ?"

ಕಷಾಯ ನೆತ್ತಿಗೆ ಹತ್ತಿತು. ಪಾಪ, ಅವಳೇ ಬೆನ್ನು ತಟ್ಟಿದಳು.

ಡಾಮರಿನ ಡಬ್ಬಿ

ನಂಬ್ರ ಬರೆಯುತ್ತಿದ್ದದ್ದು ಡಾಮರಿನಲ್ಲಿ, ಬಾಗಿಲಿನ ಮೇಲೆ. ಮೊದಮೊದಲು ಜನ ನಾವು ಬೆನ್ನು ಹಾಕುವುದನ್ನೇ ಕಾದು ಸೀಮೆಎಣ್ಣೆ ಹಾಕಿ ಉಜ್ಜಿಬಿಡುತ್ತಿದ್ದರು. ಆಮೇಲೆ ಯಾರೋ ಪೇಟೆಗೆ ಹೋಗಿ ವಿಚಾರಿಸಿಕೊಂಡು ಬಂದರು: ಬಾಗಿಲಿಗೆ ನಂಬ್ರ ಇದ್ದವರಿಗೆ ಮಾತ್ರ ಗುಡ್ಡದಲ್ಲಿ ಜಾಗ, ನಂಬ್ರ ಇಲ್ಲದವನಿಗೆ ಆಕಾಶವೇ ಗತಿ. ಮರುದಿನವೇ ನಮ್ಮ ಡಾಮರಿನ ಡಬ್ಬಿ ಮಾಯ. ದನದ ಹಟ್ಟಿಗೆ ನಂಬ್ರ, ಬಚ್ಚಲಿಗೆ ನಂಬ್ರ, ದೋಣಿ ಇಡುವ ಚಪ್ಪರಕ್ಕೂ ಒಂದು ಬಾಗಿಲು ಬಂದು ಅದಕ್ಕೂ ನಂಬ್ರ. ಒಬ್ಬನ ಕೋಳಿಗೂಡಿನ ಮೇಲೂ ದಪ್ಪಕ್ಷರದಲ್ಲಿ ಬರೆದಿತ್ತು.

"ಇದರೊಳಗೆ ಯಾರಿದ್ದಾರೆ ಮಾರಾಯ?"

"ನನ್ನ ಅತ್ತೆ ಸಾರ್."

"ಕೋಳಿಗೂಡಿನಲ್ಲಾ?"

"ಅಭ್ಯಾಸ ಆಗಲಿ ಅಂತ ಸಾರ್. ನೀವು ಕೊಡುವ ಜಾಗ ಇದಕ್ಕಿಂತ ದೊಡ್ಡದು ಉಂಟಾ?"

ಕಳ್ಳ ನಂಬ್ರ

ಊರಿನ ಕೋಳಿಗೂ ನಂಬ್ರ ಸಿಕ್ಕಿತು, ಬಟ್ಲರ್ ಕಾಕನಿಗೆ ಸಿಗಲಿಲ್ಲ. ಬಂಗ್ಲೆಯ ಹಿಂದೆ ಅವರದ್ದೊಂದು ಗುಡಿಸಲು. ಮಣ್ಣಿನ ಗೋಡೆ, ತೆಂಗಿನ ಮಡಲು ಹೊದೆಸಿದ ಮಾಡು, ಹಲಸಿನ ಹಲಗೆಯ ಬಾಗಿಲು, ಎಲ್ಲ ಸ್ವಂತ ಕೈಯಲ್ಲಿ ಕಟ್ಟಿದ್ದು. ಆದರೆ ನೆಲ ಬಂಗ್ಲೆಯದ್ದು. ಬಂಗ್ಲೆ ಸರ್ಕಾರದ್ದು. ಸರ್ಕಾರ ತನ್ನನ್ನೇ ಎಬ್ಬಿಸಿದರೆ ಪರಿಹಾರ ಉಂಟಾ? ಪಟ್ಟಿಯಲ್ಲಿ ಕಾಕನ ಹೆಸರು ಬರಲಿಲ್ಲ.

ಕಾಕನಿಗೆ ಇದ್ದವಳು ಒಬ್ಬಳೇ ಮಗಳು. ಗಂಡ ತೀರಿಹೋಗಿ, ಪೇಟೆಯಲ್ಲಿ ನಾದಿನಿಯ ಮನೆಯ ಜಗಲಿಯಲ್ಲಿ ಮಲಗುತ್ತಿದ್ದಳು. "ಎರಡು ಸೆಂಟ್ಸ್ ಜಾಗ ಸಿಕ್ಕಿದರೆ ಸಾಕು ಸಾರ್, ಅವಳನ್ನು ಕರ್ಕೊಂಡು ಬರ್ತೇನೆ" ಎನ್ನುತ್ತಿದ್ದರು. ಒಂದು ದಿನ ಯಾರಿಗೂ ಹೇಳದೆ ಅವರ ಬಾಗಿಲಿಗೆ ಚೆಂದದ ಒಂದು ನಂಬ್ರ ಬರೆದೆ. ಮಧ್ಯಾಹ್ನ ಊಟಕ್ಕೆ ಬಂದರೆ ಕಾಕ ಬಾಗಿಲನ್ನು ಕಳಚಿ ಅಂಗಳದಲ್ಲಿ ಹಾಕಿ, ತೆಂಗಿನ ನಾರಿನಲ್ಲಿ ತಿಕ್ಕುತ್ತಿದ್ದಾರೆ!

"ಕಾಕ, ನಿಮಗೆ ತಲೆ ಸರಿ ಉಂಟಾ?"

"ಅರ್ಜಿ ಕೊಟ್ಟಿದ್ದೇನೆ ಸಾರ್. ಮೂವತ್ತು ವರ್ಷ ಸರ್ಕಾರದ ಅನ್ನ ಬೇಯಿಸಿದ್ದೇನೆ, ಸರ್ಕಾರ ಮರೀಲಿಕ್ಕಿಲ್ಲ. ಕಳ್ಳ ನಂಬ್ರ ಬೇಡ." ಮತ್ತೆ ತಿಕ್ಕುತ್ತಾ ತಲೆ ಎತ್ತಿದರು. "ನಿಮ್ಮ ಅಕ್ಷರ ಮಾತ್ರ ಒಳ್ಳೇದುಂಟು. ಹೋಗುದೇ ಇಲ್ಲ."

ಸಾಹೇಬರ ಬಿಸಿನೀರು

ಊರು ಖಾಲಿಯಾಯಿತು. ಕೊನೆಗೆ ಬಂಗ್ಲೆಯನ್ನೂ ಕೆಡವಬೇಕು ಎಂದು ಆರ್ಡರ್ ಬಂತು. ಉಸ್ತುವಾರಿಗೆ ಒಬ್ಬ ಸಾಹೇಬರು ಬಂದರು. ಕೆಲಸದ ಜಾಗದಲ್ಲೇ ಇರಬೇಕು ಎನ್ನುವುದು ಅವರ ನಿಯಮ. ಆದರೆ ಉಳಿದ ಮನೆಗಳನ್ನೆಲ್ಲ ಅದಾಗಲೇ ಕೆಡವಿ ಆಗಿತ್ತು. ಹಾಗಾಗಿ ಬಂಗ್ಲೆ ಕೆಡವಲಿಕ್ಕೆ ಬಂದವರು ಬಂಗ್ಲೆಯಲ್ಲೇ ಇಳಿದರು.

ಮೊದಲು ಬಿದ್ದದ್ದು ಬೋರ್ಡು ಇದ್ದ ಜಗಲಿಯ ಗೋಡೆ. ಇನ್ನು ಸಾಹೇಬರು ಎಷ್ಟು ದಿನವಾದರೂ ಇರಬಹುದಿತ್ತು. ಪಡುವಣ ಕೋಣೆ ಬೀಳುವ ದಿನ ಅವರ ಮಂಚ ಮೂಡಣ ಕೋಣೆಗೆ ಹೋಯಿತು, ಅದೂ ಬೀಳುವಾಗ ಊಟದ ಹಾಲಿಗೆ ಬಂತು. ಕೊನೆಯ ದಿನ ಆ ಹಾಲಿನ ಹಂಚಿನ ಮಾಡನ್ನೂ ಇಳಿಸಿದರು. ಸಾಹೇಬರು ನೆತ್ತಿಯ ಮೇಲೆ ಬರೇ ಆಕಾಶ ಇಟ್ಟುಕೊಂಡು ಮೇಜಿನ ಮುಂದೆ ಕೂತರು. ಕಾಕ ಕೋಟಿನ ಗುಂಡಿ ಹಾಕಿಕೊಂಡು, ಕಲ್ಲುಮಣ್ಣು ದಾಟಿಕೊಂಡು ಟ್ರೇಯಲ್ಲಿ ಚಾ ತಂದರು.

"ಫಸ್ಟ್ ಕ್ಲಾಸ್ ಚಾ!" ಎಂದರು ಸಾಹೇಬರು. ಅವರ ಮನಸ್ಸು ಕರಗಿತೋ ಏನೋ, "ಹೌದಾ ಬಟ್ಲರ್, ನಿನ್ನ ನಂಬ್ರ ಎಷ್ಟು?" ಎಂದು ಕೇಳಿದರು.

"ಇಲ್ಲ ಸಾರ್. ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ."

"ಛೆ! ಮೂವತ್ತು ವರ್ಷ ದುಡಿದವನಿಗೆ ನಂಬ್ರ ಇಲ್ಲವಾ? ನಾನು ಸೈನ್ ಹಾಕ್ತೇನೆ." ನನ್ನ ಕಡೆ ತಿರುಗಿ, "ಹೋಗಿ, ಈಗಲೇ ಇವನ ಬಾಗಿಲಿಗೆ ಬರೆದು ಬನ್ನಿ" ಎಂದರು.

ನನಗೆ ಎಷ್ಟು ಸಂತೋಷವಾಯಿತೆಂದರೆ ಡಬ್ಬಿ ಹಿಡಿದು ಓಡಿಯೇ ಓಡಿದೆ. ಕೆಡವುವ ಗಡಿಬಿಡಿಯಲ್ಲಿ ಎಷ್ಟೋ ದಿನದಿಂದ ಆ ಕಡೆ ಹೋಗಿರಲಿಲ್ಲ; ಬಂಗ್ಲೆಯ ಹಿಂದೆ ಹೋಗಿ ನೋಡಿದರೆ ಗುಡಿಸಲೇ ಇಲ್ಲ. ಮಣ್ಣಿನ ಗುಡ್ಡೆ ಒಂದು, ಮೂರು ಕಲ್ಲಿನ ಒಲೆ ಒಂದು, ಒಲೆಯ ಪಕ್ಕದಲ್ಲಿ ಕಾಕನ ಹಾಸಿಗೆ.

ವಾಪಸು ಬಂದು, "ಕಾಕ, ಮನೆ ಎಲ್ಲಿ?" ಎಂದೆ.

"ಅಡುಗೆಮನೆ ಬಿದ್ದ ಮೇಲೆ ಸೌದೆ ಎಲ್ಲುಂಟು ಸಾರ್? ಬಂಗ್ಲೆಯ ಮರ ಹರಾಜಿನದ್ದು, ಮುಟ್ಟಬಾರದು. ಸಾಹೇಬರಿಗೆ ಎರಡು ಹೊತ್ತು ಸ್ನಾನಕ್ಕೆ ಬಿಸಿನೀರು ಬೇಕು. ಮೊದಲು ನನ್ನ ಮಾಡಿನ ಮಡಲು ಒಲೆಗೆ ಹಾಕಿದೆ, ಮತ್ತೆ ಅದರಡಿಯ ಪಕ್ಕಾಸಿನ ಮರ."

"ಬಾಗಿಲು?"

ಕಾಕ ಸಾಹೇಬರ ಕೈಯಲ್ಲಿದ್ದ ಕಪ್ಪನ್ನು ನೋಡಿದರು. "ಅದು ಈಗಷ್ಟೇ ಸಾರ್. ಈ ಚಾ ಅದರದ್ದೇ."

ನನಗೆ ಆ ಡಬ್ಬಿಯನ್ನು ಎಲ್ಲಾದರೂ ಎಸೆದುಬಿಡಬೇಕು ಅನ್ನಿಸಿತು. ಸಾಹೇಬರು ಖಾಲಿ ಕಪ್ಪನ್ನು ಮೇಜಿನ ಮೇಲಿಟ್ಟು, ಬಾಗಿಲು ಇಲ್ಲದೆ ನಂಬ್ರ ಹಾಕಲಿಕ್ಕೆ ರೂಲು ಇಲ್ಲವಲ್ಲ ಎಂದರು.

"ಹೌದು ಸಾರ್, ರೂಲು ಇಲ್ಲ" ಎಂದು ಕಾಕ ಸಾಹೇಬರನ್ನೇ ಸಮಾಧಾನ ಮಾಡಿದರು. ಆಮೇಲೆ ಟ್ರೇ ಮುಂದೆ ಹಿಡಿದರು.

"ಇನ್ನೊಂದು ಕಪ್ ಕೊಡ್ಲಾ ಸಾರ್? ಕೆಂಡ ಇನ್ನೂ ಉಂಟು."