ನಮ್ಮ ಮನೆಯ ಪಂಚವಾರ್ಷಿಕ ಯೋಜನೆ

ಹಳೇ ಹಾಸ್ಟೆಲುಗಳ ಗೋಡೆ ತಟ್ಟಿ, ತಾರಸಿ ತುಳಿದು, ಇದು ಈ ವರ್ಷದ ರಿಪೇರಿ, ಅದು ಮುಂದಿನ ವರ್ಷದ್ದು ಎಂದು ಬರೆದು ಮೂವತ್ತು ವರ್ಷ ಸಂಬಳ ಎಣಿಸಿದವನು ನಾನು. ವಿಜಯನಗರದ ನಮ್ಮ ಸ್ವಂತ ಮನೆಯನ್ನು ಮಾತ್ರ ಒಮ್ಮೆಯೂ ತಟ್ಟಿ ನೋಡಿಲ್ಲವೆಂಬುದು ನನ್ನ ಹೆಂಡತಿ ಲತಾಳ ದೂರು. (ಒಮ್ಮೆ ತಟ್ಟಿದ್ದೆ, ಕ್ಯಾಲೆಂಡರಿಗೆ ಮೊಳೆ ಹೊಡೆಯಲು. ಆಗ ಉದುರಿದ ಗಾರೆಯ ಜಾಗ ಇನ್ನೂ ಹಾಗೇ ಇದೆ.) ನಿವೃತ್ತನಾದ ಮರುವಾರವೇ ಸುತ್ತಿಗೆ, ನೋಟ್‌ಬುಕ್ಕು ಹಿಡಿದು ಸಮಗ್ರ ಕಟ್ಟಡ ಸಮೀಕ್ಷೆಗೆ ಇಳಿದೆ.

ಕೈಯಲ್ಲಿದ್ದ ಹಣವನ್ನು ಐದು ವರ್ಷಕ್ಕೆ ಹಂಚಬೇಕಿತ್ತು. ಬೀದಿಗೆ ಕಾಣುವ ಕಾಂಪೌಂಡು, ಗೇಟು ಮೊದಲನೇ ವರ್ಷಕ್ಕೆ. ಹಿತ್ತಲಿನ ಬಚ್ಚಲುಮನೆ ಐದನೆಯದಕ್ಕೆ. ಬಚ್ಚಲ ಕಲ್ಲು ಜಾರುತ್ತದೆ, ಅತ್ತೆಗೆ ಎಂಬತ್ತೆರಡು ಎಂದು ಲತಾ ನೆನಪಿಸಿದಳು. ಕಟ್ಟಡಕ್ಕೆ ಅಪಾಯವಿಲ್ಲದ್ದನ್ನು ತುರ್ತು ಎನ್ನಲಾಗದು ಎಂದು ಶಾಸ್ತ್ರೋಕ್ತವಾಗಿ ವಿವರಿಸಿ, ನೋಟ್‌ಬುಕ್ಕು ಅವಳ ಕೈಗೆ ಕೊಟ್ಟು, ಅವಳೊಂದಿಗೆ ತಾರಸಿಗೆ ಹೋಗಿ, ಅಲ್ಲಿನ ಎತ್ತರದ ನೀರಿನ ತೊಟ್ಟಿ ನೋಡಲು ಕಬ್ಬಿಣದ ಏಣಿ ಹತ್ತಿದೆ.

ತೊಟ್ಟಿಯ ಮೇಲೆ ಕಾಲಿಟ್ಟದ್ದೇ ತಡ, ತುಕ್ಕು ಹಿಡಿದ ಏಣಿ ಗೋಡೆಯಿಂದ ಕಿತ್ತುಕೊಂಡು ಬಿತ್ತು. ಪುಣ್ಯಕ್ಕೆ ನಾನು ಮೇಲಿದ್ದೆ. ಗ್ರಹಚಾರಕ್ಕೆ ಮೇಲೆಯೇ ಇದ್ದೆ.

ಲತಾ ಪಕ್ಕದ ಮನೆಯ ಮುನಿರಾಜುಗೆ ಫೋನು ಮಾಡಿದಳು. ಅವರ ಏಣಿ ಮಲ್ಲತ್ತಹಳ್ಳಿಯ ಭಾವನ ಮನೆಯಲ್ಲಿತ್ತಂತೆ. ತರಲು ಒಂದು ಗಂಟೆಯಾದರೂ ಬೇಕಂತೆ. ಬಿಸಿಲಿನಲ್ಲಿ ಕುಳಿತೆ. ಮೆಟ್ರೊ ಹಾದುಹೋದಾಗಲೆಲ್ಲ ಜನ ನೋಡುತ್ತಿದ್ದರು. ನಾನು ಗಂಭೀರವಾಗಿ ತೊಟ್ಟಿಯನ್ನು ಸುತ್ತಿಗೆಯಿಂದ ತಟ್ಟುತ್ತಿದ್ದೆ.

ಅಲ್ಲಿಂದ ಹಿತ್ತಲು ಪೂರ್ತಿ ಕಾಣುತ್ತಿತ್ತು. ಅಮ್ಮ ಬಚ್ಚಲುಮನೆಗೆ ಹೊರಟಿದ್ದರು. ಲತಾ ಓಡಿಹೋಗಿ ಕಲ್ಲಿನ ಮೇಲೆ ಗೋಣಿಚೀಲ ಹಾಸಿ, ಅವರ ಎರಡೂ ಕೈ ಹಿಡಿದು, ತಾನು ಹಿಮ್ಮುಖವಾಗಿ ನಡೆಯುತ್ತ ಒಂದೊಂದೇ ಹೆಜ್ಜೆ ಇಡಿಸಿದಳು. ಹೊಸ್ತಿಲಲ್ಲಿ ಅಮ್ಮನ ಕಾಲು ಜಾರಿತು. ಇಬ್ಬರೂ ಬಾಗಿಲಿಗೆ ಆತು ನಿಂತರು. ನಾನು ಸುತ್ತಿಗೆ ಕೆಳಗಿಟ್ಟೆ. ನಾನು ಕಚೇರಿಯಲ್ಲಿ ಯಾವುದೋ ಹಾಸ್ಟೆಲಿನ ಬಚ್ಚಲಿಗೆ ‘ತುರ್ತು’ ಎಂದು ಬರೆಯುತ್ತಿದ್ದಾಗ ಇಲ್ಲಿ ದಿನಕ್ಕೆ ಎಷ್ಟು ಸಲ ಹೀಗಾಗಿತ್ತೋ.

ಅವಳು ತಾರಸಿಗೆ ಮರಳಿದಾಗ ಮೇಲಿನಿಂದಲೇ ಹೇಳಿದೆ.

“ಬಚ್ಚಲುಮನೆ ಮೊದಲನೇ ವರ್ಷಕ್ಕೆ ಬರ್ಕೊ ಕಣೇ. ನಾಳೇನೇ ಕೆಲಸದವರನ್ನ ಕರೀತೀನಿ.”

ಲತಾ ಬರೆದುಕೊಂಡಳು. ಸೆರಗಿನಿಂದ ಒರೆಸಿಕೊಂಡದ್ದು ಕಣ್ಣೋ ಬೆವರೋ ಅಷ್ಟು ಎತ್ತರದಿಂದ ತಿಳಿಯಲಿಲ್ಲ. ಅಷ್ಟರಲ್ಲಿ ಮುನಿರಾಜು ಏಣಿ ಹೊತ್ತು ಏದುಸಿರು ಬಿಡುತ್ತ ಬಂದು, ಅದನ್ನು ಗೋಡೆಗೆ ಆನಿಸಹೊರಟರು. ಲತಾ ನೋಟ್‌ಬುಕ್ಕಿನ ಪುಟ ತಿರುವಿದಳು.

“ಒಂದೈದು ನಿಮಿಷ ಇರಿ ಮುನಿರಾಜಣ್ಣ,” ಎಂದಳು. “ಇನ್ನೂ ಅಡುಗೆಮನೆ ಬಾಕಿ ಇದೆ.”