ಅವರ ದೇಶ, ನಮ್ಮ ಒಡ್ಡು

ನಮ್ಮ ಕಡೆ ದೇಶ ಮತ್ತು ಆಳುವ ಪಕ್ಷ ಅಂದರೆ ಒಂದೇ ಪಂಚೆಯನ್ನು ಸರದಿಯ ಮೇಲೆ ಉಡುವ ಅಣ್ಣತಮ್ಮಂದಿರು. ಇವತ್ತು ಪಂಚೆ ಯಾರ ಸೊಂಟದಲ್ಲಿದೆ ಎಂದು ನೋಡಿಕೊಂಡೇ ಕೈ ಮುಗಿಯಬೇಕು. ನೋಡದೆ ಮುಗಿದವರಿಂದಾಗಿ ಕುಮಟೆಯಿಂದ ಭಟ್ಕಳದವರೆಗೆ ದಿನ ಬೆಳಗಾದರೆ ಒಂದು ತಮಾಷೆ. ನನ್ನ ಪಾಲಿಗೆ ಬಂದವನ್ನು ಬರೆಯುತ್ತೇನೆ. ನಾನು ಐದನೇ ಇಯತ್ತೆಗೇ ಶಾಲೆ ಬಿಟ್ಟವ. ಶಾಲೆಯೇ ನನ್ನನ್ನು ಬಿಟ್ಟಿತು ಎಂದು ಮಾಸ್ತರರು ಹೇಳುತ್ತಾರೆ. ದೊಡ್ಡವರ ಮಾತು, ನಾನು ಎದುರಾಡುವುದಿಲ್ಲ.

ನಮ್ಮ ಕೇರಿ ಇರುವುದು ಮಾವಿನಕುರ್ವೆಯ ಒಂದು ತುದಿಯಲ್ಲಿ. ಸುತ್ತ ಉಪ್ಪು ನೀರು, ನಡುವೆ ಗದ್ದೆ. ನೀರನ್ನು ತಡೆಯುತ್ತಿದ್ದ ಮಣ್ಣಿನ ಒಡ್ಡು ಹೋದ ಮಳೆಗಾಲದಲ್ಲಿ ಒಡೆಯಿತು. ಆಮೇಲೆ ಕಡಲು ಉಬ್ಬಿ ಭರತ ಬಂದಾಗೆಲ್ಲ ಹೊಳೆ ನೆಂಟರ ಹಾಗೆ ಗದ್ದೆಗೆ ಬಂದು ಕೂತು ಹೋಗತೊಡಗಿತು. ಒಡ್ಡಿನ ಪಕ್ಕದ್ದೇ ನನ್ನ ಅಜ್ಜಿಯ ಗದ್ದೆ. ಅಲ್ಲಿ ಭತ್ತದ ಬದಲು ಏಡಿ ಬೆಳೆಯಿತು. ಮುಂದಿನ ಮಳೆಗೆ ಮೊದಲು ಕಲ್ಲು ಕಟ್ಟದಿದ್ದರೆ ಗದ್ದೆ ಹೊಳೆಯ ಪಾಲು, ಅಜ್ಜಿ ಕಂಡವರ ಮನೆಯ ಕೂಲಿ. ಬೇಕಾದದ್ದು ಕೆಂಪು ಚಿರೆಕಲ್ಲು. ಅದನ್ನು ಕೊಡಿಸಬೇಕಾದವರು ತಾಲೂಕಿನ ಪಕ್ಷದ ಅಧ್ಯಕ್ಷರು.

ಒಂದು ಟೊಪ್ಪಿ

ಅಧ್ಯಕ್ಷರು ಹೊನ್ನಾವರ ಪೇಟೆಯ ಸಾವ್ಕಾರರು. ಪಕ್ಷದ ಬಿಳಿ ಟೊಪ್ಪಿ ಇಲ್ಲದವರಿಗೆ ಅವರ ಜಗಲಿಯಲ್ಲಿ ಪ್ರವೇಶವಿಲ್ಲ. ನಮ್ಮ ಕೇರಿಯಲ್ಲಿದ್ದದ್ದು ಒಂದೇ ಟೊಪ್ಪಿ, ಅದೂ ಯಾರೋ ಕುಮಟೆ ಸಂತೆಯಿಂದ ಬೆಲ್ಲದ ಜೊತೆಗೆ ಒಂದೇ ಚೀಲದಲ್ಲಿ ತಂದದ್ದು.

ನಾನು ಉಪಾಯ ಹೇಳಿದೆ. ಎಲ್ಲರೂ ಅಂಗಳದ ಬೇಲಿಯಾಚೆ ನಿಲ್ಲುವುದು, ಒಬ್ಬೊಬ್ಬರೇ ಟೊಪ್ಪಿ ಹಾಕಿ ಒಳಗೆ ಹೋಗಿ ಒಡ್ಡಿನ ಕಷ್ಟ ಹೇಳುವುದು, ಹೊರಗೆ ಬಂದು ಮುಂದಿನವನ ತಲೆಗೆ ಇಡುವುದು. ಕೇರಿಯ ಗಂಡಸರೆಲ್ಲ ಹೀಗೆ ಹೋಗಿ ಬಂದರು. ಕೊನೆಯವ ನಾನು.

ಅಧ್ಯಕ್ಷರು ನನ್ನ ತಲೆಯನ್ನೇ ದಿಟ್ಟಿಸಿದರು. "ಅಲ್ಲ ಮಾರಾಯಾ, ನಿಮ್ಮ ಕೇರಿಯಲ್ಲಿ ಎಲ್ಲರ ಟೊಪ್ಪಿಗೂ ಎಡಗಡೆಯೇ ಬೆಲ್ಲದ ಕಲೆ ಇದ್ಯಲ್ಲ, ಎಂತ ಕತೆ?"

"ಶಿಸ್ತು ಸಾವ್ಕಾರ್ರೆ," ಅಂದೆ. "ಪಕ್ಷದ ಶಿಸ್ತು."

ಅವರಿಗೆ ಕಣ್ಣಲ್ಲಿ ನೀರು ಬಂತು. ಒಡ್ಡಿಗೆ ಕಲ್ಲು ಖಂಡಿತ ಎಂದು ಮಾತು ಕೊಟ್ಟರು.

ಎರಡು ಬಾವುಟ

ಸ್ವಾತಂತ್ರ್ಯದ ದಿನ ಬಾವುಟ ಏರಿಸಲು ಅಧ್ಯಕ್ಷರು ದೋಣಿಯಲ್ಲಿ ನಮ್ಮ ಶಾಲೆಗೆ ಬಂದರು. ಬಗಲಲ್ಲಿ ಪಕ್ಷದ ಬಾವುಟ.

ಮಾಸ್ತರರು ಬಹಳ ಮೆತ್ತಗೆ, "ಇದು ಪಕ್ಷದ್ದು. ಇವತ್ತು ದೇಶದ್ದು ಏರಬೇಕು," ಅಂದರು.

"ಎರಡೂ ಒಂದೇ ಮಾಸ್ತರೆ. ಸ್ವಾತಂತ್ರ್ಯ ಯಾರು ತಂದದ್ದು?"

"ದೇಶದವರೆಲ್ಲ ಸೇರಿ."

"ನಿಮಗೆ ಘಟ್ಟದ ಮೇಲಿನ ಹವೆ ಒಗ್ತದೆಯಾ?" ಎಂದು ಅಧ್ಯಕ್ಷರು ವಿಚಾರಿಸಿದರು. ವರ್ಗಾವಣೆಯ ಮಾತು ಎಂದು ಮಾಸ್ತರರಿಗೆ ತಿಳಿಯಿತು.

ನಾನು ಮುಂದೆ ಹೋಗಿ, "ಜಗಳ ಬೇಡ, ಎರಡನ್ನೂ ಕಟ್ಟಿ ಕೊಡ್ತೆ," ಅಂದೆ. ಕಟ್ಟಿದೆ, ಬಾವಿಯ ಗಡಗಡೆಗೆ ಹಗ್ಗದ ಎರಡು ತುದಿಗೆ ಎರಡು ಕೊಡ ಕಟ್ಟುತ್ತಾರಲ್ಲ, ಹಾಗೆ. ಒಂದು ಮೇಲೆ ಹೋದರೆ ಇನ್ನೊಂದು ಕೆಳಗೆ.

ಅಧ್ಯಕ್ಷರು ಜಗ್ಗಿದರು, ಪಕ್ಷ ಮೇಲೇರಿತು. ಹಗ್ಗ ಬಿಟ್ಟರೆ ಇಳಿಯುತ್ತದೆ ಎಂದು ಗೊತ್ತಾದದ್ದೇ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಭಾಷಣ ಶುರು ಮಾಡಿದರು. ತ್ಯಾಗ ಬಂತು, ಬಲಿದಾನ ಬಂತು, ಅವರ ಮೂಗಿನ ಮೇಲೆ ಒಂದು ನೊಣವೂ ಬಂತು. ಹಗ್ಗ ಬಿಡಲಿಲ್ಲ. ಕೊನೆಗೆ ರಾಷ್ಟ್ರಗೀತೆ. ಮಾಸ್ತರರು ಗಟ್ಟಿಯಾಗಿ, "ಎಲ್ಲರೂ ನೇರ ನಿಲ್ಲಿ, ಕೈ ಕೆಳಗೆ!" ಅಂದರು. ಅಧ್ಯಕ್ಷರು ಅಭ್ಯಾಸಬಲದಿಂದ ಕೈ ಬಿಟ್ಟರು. ಮಾಸ್ತರರು ಪಕ್ಷದ ಬಾವುಟದ ಕಡೆಯಿಂದ ಇಳಿಬಿದ್ದ ಹಗ್ಗವನ್ನು ಸರಕ್ಕನೆ ಜಗ್ಗಿದರು. ದೇಶ ಮೇಲೆ ಹೋಯಿತು, ಪಕ್ಷ ಇಳಿದು ಬಂದು ಅಧ್ಯಕ್ಷರ ತಲೆಯ ಮೇಲೆ ಮುಸುಕಾಯಿತು.

ಗೀತೆ ಮುಗಿಯುವ ತನಕ ಯಾರೂ ಅಲುಗಾಡುವಂತಿಲ್ಲವಲ್ಲ. ಅಷ್ಟು ಹೊತ್ತೂ ಅವರು ಒಳಗೇ ಇದ್ದರು.

ಕಲ್ಲು ಬಂತು, ನಮಗಲ್ಲ

ಕುಮಟೆ ಕಡೆಯಿಂದ ಲಾರಿಯಲ್ಲಿ ಚಿರೆಕಲ್ಲು ಬಂತು. ನಮ್ಮ ಒಡ್ಡಿಗೆಂದು ಸರ್ಕಾರ ಕೊಟ್ಟದ್ದು. ಹೊಳೆದಂಡೆಯ ದಕ್ಕೆಯಲ್ಲಿ ದೋಣಿ ಹಿಡಿದು ಕಾದೆವು. ಲಾರಿ ದಕ್ಕೆಗೆ ಬರಲೇ ಇಲ್ಲ. ಪೇಟೆಯ ಬಯಲಿನಲ್ಲಿ ಪಕ್ಷದ ಕಚೇರಿಗೆ ಪಾಯ ತೋಡಿದ್ದರು, ಅದರ ಬದಿಗೆ ಕಲ್ಲು ಸುರಿದು ಹೋಯಿತು.

ಅಜ್ಜಿ ನನ್ನನ್ನು ಕರೆದುಕೊಂಡು ಸೀದಾ ಅಧ್ಯಕ್ಷರ ಜಗಲಿಗೆ ನಡೆದಳು. ಹೆಂಗಸರಿಗೆ ಟೊಪ್ಪಿಯ ಕಾನೂನು ಇಲ್ಲ, ನನ್ನ ತಲೆಯ ಮೇಲೆ ಕೇರಿಯ ಟೊಪ್ಪಿ ಇತ್ತು.

"ಸಾವ್ಕಾರ್ರೆ, ನಮ್ಮ ಕಲ್ಲು ದಾರಿ ತಪ್ಪಿತನಾ?"

"ನೋಡಮ್ಮ," ಅಧ್ಯಕ್ಷರು ತಾಳ್ಮೆಯಿಂದ ಪಾಠ ಹೇಳಿದರು. "ಕಚೇರಿ ಗಟ್ಟಿಯಾದರೆ ಪಕ್ಷ ಗಟ್ಟಿ. ಪಕ್ಷ ಗಟ್ಟಿಯಾದರೆ ದೇಶ ಗಟ್ಟಿ. ದೇಶ ಗಟ್ಟಿಯಾದರೆ ನಿಮ್ಮ ಒಡ್ಡು ತನ್ನಿಂದ ತಾನೇ ಗಟ್ಟಿ. ಅದರಲ್ಲೂ ಈಗ ಯುದ್ಧ. ಚೀನದವರು ಹಿಮಾಲಯದಲ್ಲಿ ಕೂತಿದ್ದಾರೆ. ದೇಶದ ಒಂದಂಗುಲ ಜಾಗವನ್ನೂ ಬಿಡುವುದಿಲ್ಲ ಅಂತ ನಾವು ಹೋರಾಡುವಾಗ ನೀವು ಗದ್ದೆ ಗದ್ದೆ ಅನ್ನೋದು ದೇಶದ್ರೋಹ."

ಅಜ್ಜಿ ಕೇಳಿದಳು, "ಹಂಗಾರೆ ನನ್ನ ಗದ್ದೆ ಯಾವ ದೇಶದಲ್ಲಿ ಅದೆ?"

ಅಧ್ಯಕ್ಷರಿಗೆ ಒಳಗೆ ಊಟಕ್ಕೆ ಹೊತ್ತಾಯಿತು. ಆಗ ಬೆಳಗಿನ ಚಹಾದ ಸಮಯ.

ಜೈಕಾರ

ತೆಂಗಿನಗುಂಡಿಯಿಂದ ಒಣಮೀನು ತರಲು ಹೋದವ ಭಟ್ಕಳ ಪೇಟೆಯ ಒಂದು ಚಹಾದಂಗಡಿಯಲ್ಲಿ ಕೂತಿದ್ದೆ. ಪಕ್ಷದ ಕಾರ್ಯಕರ್ತನೊಬ್ಬ ಒಳಗೆ ಬಂದ. ಯಾರಿಗೆ ದೇಶಭಕ್ತಿ ಇದೆ, ಯಾರಿಗೆ ಇಲ್ಲ ಎಂದು ಅಂಗಡಿ ಅಂಗಡಿ ತಿರುಗಿ ತಪಾಸಣೆ ಮಾಡುವ ಕೆಲಸ ಅವನದು. ಗಲ್ಲೆಯ ಮೇಲೆ ಕೂತ ಮುದುಕ ಸಾಹೇಬರ ಮುಂದೆ ನಿಂತು, "ಜೈಕಾರ ಹಾಕಿ ನೋಡುವಾ," ಅಂದ.

ಸಾಹೇಬರು ಎದ್ದು ನಿಂತು ಭಾರತಕ್ಕೆ ಜೈ ಅಂದರು. ಗಾಜಿನ ಲೋಟಗಳು ಅದುರಿದವು.

"ಈಗ ನಮ್ಮ ಅಧ್ಯಕ್ಷರಿಗೆ ಹಾಕಿ."

"ಯಾಕೆ, ಅವರು ಗಡಿಗೆ ಹೊರಟ್ರಾ?"

"ಇಲ್ಲ."

"ಹೊರಟ ದಿನ ಹೇಳು ಬೇಟಾ. ಎರಡು ಸಲ ಹಾಕ್ತೇನೆ. ಚಹಾನೂ ಫುಕಟ್."

ಅವನು ಮುಖ ಹುಳ್ಳಗೆ ಮಾಡಿಕೊಂಡು ಹೋಗುವಾಗ ಒಂದು ಸುದ್ದಿ ಬಿಟ್ಟು ಹೋದ. ಬರುವ ಭಾನುವಾರ ಹೊನ್ನಾವರಕ್ಕೆ ಮಂತ್ರಿಗಳು ಬರುತ್ತಾರೆ, ಸೈನಿಕರಿಗಾಗಿ ಅವರಿಗೆ ಅಕ್ಕಿಯ ತುಲಾಭಾರ, ಮನೆ ಮನೆಯಿಂದ ಅಕ್ಕಿ ತರಬೇಕು, ತರದವರ ಹೆಸರನ್ನು ಅಧ್ಯಕ್ಷರು ನೆನಪಿಟ್ಟುಕೊಳ್ಳುತ್ತಾರೆ.

ತುಲಾಭಾರ

ನಮ್ಮ ಕಡೆ ದೇವರಿಗೆ ತುಲಾಭಾರದ ಹರಕೆ ಹೊತ್ತರೆ ಎರಡು ಕಟ್ಟಳೆ. ಕೂತವರು ನೆಲ ಬಿಟ್ಟು ಏಳಬೇಕು, ಏಳದಿದ್ದರೆ ದೇವರು ಒಪ್ಪಲಿಲ್ಲ ಎಂದರ್ಥ. ಮತ್ತೆ, ತಕ್ಕಡಿ ಏರಿದ ವಸ್ತು ಕೊಟ್ಟವರ ಮನೆಗೆ ವಾಪಸು ಹೋಗುವಂತಿಲ್ಲ, ಹೋದರೆ ಕೂತವರಿಗೆ ಕೇಡು.

ಪಕ್ಷದ ಕಚೇರಿಯ ಬಯಲಿನಲ್ಲೇ ಮರದ ಡಿಪೋದ ದೊಡ್ಡ ತಕ್ಕಡಿ ತೂಗು ಹಾಕಿದ್ದರು. ಮಂತ್ರಿಗಳು ಹಾರ ಹಾಕಿಕೊಂಡು ಒಂದು ತಟ್ಟೆಯಲ್ಲಿ ಕೂತರು. ಇನ್ನೊಂದಕ್ಕೆ ಅಕ್ಕಿ ಚೀಲ ಬಿತ್ತು. ಹೊಳೆಬದಿಯ ಕೇರಿಗಳಲ್ಲೆಲ್ಲ ನಮ್ಮದೇ ಹಣೆಬರಹ, ಅಕ್ಕಿ ಎಲ್ಲಿಂದ ಬರಬೇಕು? ಇದ್ದ ಚೀಲವೆಲ್ಲ ಮುಗಿಯಿತು. ಮಂತ್ರಿಗಳು ನೆಲ ಬಿಡಲಿಲ್ಲ.

ತೆಂಗಿನಕಾಯಿ ಹಾಕಿದರು, ಬಾಳೆಗೊನೆ ಹಾಕಿದರು, ಒಬ್ಬ ವಾದ್ಯದವರ ಡೋಲನ್ನೂ ಕಸಿದು ಹಾಕಿದ. ಊಹೂಂ. ಜನ ಗುಸುಗುಸು ಶುರು ಮಾಡಿದರು. ಮಂತ್ರಿಗಳ ಮುಖ ಬಾಡಿತು. ಅಧ್ಯಕ್ಷರು ಬೆವರಿನಲ್ಲಿ ಮಿಂದರು.

ನಾನು ಕೂಗಿದೆ, "ಪಕ್ಷದ ಕಲ್ಲು ಇಡಿ! ಪಕ್ಷವೇ ಎತ್ತಲಿ ಮಂತ್ರಿಗಳನ್ನ!"

ಜನ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಬೇಡ ಅನ್ನುವಷ್ಟರಲ್ಲಿ ನಮ್ಮ ಕೇರಿಯವರು ಸಾಲು ನಿಂತು ಕೈಯಿಂದ ಕೈಗೆ ಕಲ್ಲು ದಾಟಿಸುತ್ತಿದ್ದರು. ಮಂತ್ರಿಗಳು ಮೆಲ್ಲಗೆ ನೆಲ ಬಿಟ್ಟು ಮೇಲೆದ್ದರು. ಜೈಕಾರ!

"ಆತು ಆತು, ಕಲ್ಲು ಇಳಿಸಿ ಪಾಯದ ಬದಿಗೇ ಹಾಕಿ," ಅಂದರು ಅಧ್ಯಕ್ಷರು.

"ಅಯ್ಯೋ ಸಾವ್ಕಾರ್ರೆ!" ಅಜ್ಜಿ ಎದೆಗೆ ಕೈಯಿಟ್ಟುಕೊಂಡಳು. "ತಕ್ಕಡಿ ಏರಿದ್ದು ವಾಪಸ್ ತಕಂಡ್ರೆ ಕೂತವರಿಗೆ ಕೇಡು. ಮಂತ್ರಿಗಳಿಗೆ ಮಕ್ಕಳು ಮರಿ ಇದ್ರೋ ಇಲ್ವೋ?"

ಮಂತ್ರಿಗಳು ಅಂತರದಲ್ಲಿ ತೂಗಾಡುತ್ತಲೇ, "ಒಂದು ಕಲ್ಲೂ ವಾಪಸ್ ಬೇಡ! ಎಲ್ಲ ದೇಶಕ್ಕೆ!" ಎಂದು ಕಿರುಚಿದರು. "ಗಡಿಗೆ ಕಳಿಸಿ!"

"ಗಡಿ ಇಲ್ಲೇ ಹೊಳೆಯಾಚೆ ಅದೆ," ಅಂದೆ. "ವೈರಿ ದಿನಾ ಒಳಗೆ ಬರ್ತಾನೆ. ದೋಣಿ ತಯಾರಿದೆ."

"ಕಳಿಸಿ, ಕಳಿಸಿ. ಮೊದಲು ನನ್ನನ್ನು ಇಳಿಸಿ."

ಆದರೆ ಮಂತ್ರಿಯೊಬ್ಬರ ತೂಕಕ್ಕೆ ಒಡ್ಡಿನ ಒಂದು ಮೂಲೆಯೂ ಆಗುವುದಿಲ್ಲ. ನಾನು ಮತ್ತೆ ಕೂಗಿದೆ, "ಅಧ್ಯಕ್ಷರಿಗೆ ದೇಶಭಕ್ತಿ ಕಮ್ಮಿಯಾ?"

ಮಂತ್ರಿಗಳ ಮುಂದೆ ಒಲ್ಲೆ ಎನ್ನುವ ಹಾಗಿಲ್ಲ, ಅಧ್ಯಕ್ಷರೂ ತಟ್ಟೆಯಲ್ಲಿ ಕೂತರು. ಅಲ್ಲೊಂದು ತೊಡಕು. ಅಧ್ಯಕ್ಷರು ಮಂತ್ರಿಗಳಿಗಿಂತ ದಪ್ಪ, ಅವರಿಗಿಂತ ಹೆಚ್ಚು ತೂಗಿದರೆ ಪಕ್ಷದಲ್ಲಿ ಉಳಿಗಾಲವಿಲ್ಲ. ಅದಕ್ಕೆ ಪಂಚೆಯ ಮರೆಯಲ್ಲಿ ಒಂದು ಕಾಲನ್ನು ನೆಲಕ್ಕೆ ಊರಿ ಹಗುರವಾಗಿ ಕೂತಿದ್ದರು.

ಅಜ್ಜಿ ಬಗ್ಗಿ ನೋಡಿದಳು. "ಸಾವ್ಕಾರ್ರೆ, ದೇಶಕ್ಕಾಗಿ ಸ್ವಲ್ಪ ಕಾಲೆತ್ತಿ."

ಎತ್ತಿದರು. ಕಲ್ಲು ಬಿದ್ದವು ನೋಡಿ! ಆಮೇಲೆ ಕಾರ್ಯದರ್ಶಿಗಳು ತಾವೇನು ಕಡಿಮೆ ಎಂದು ಕೂತರು. ಉಪಾಧ್ಯಕ್ಷರು ಎಳನೀರು ಕುಡಿದು ಬಂದು ಕೂತರು. ಖಜಾಂಚಿಗಳು ಕೂತರು. ಸಂಜೆಯೊಳಗೆ ಪಕ್ಷದ ಕಚೇರಿಯ ಬದಿಗೆ ಉಳಿದದ್ದು ಪಾಯದ ಹೊಂಡ ಮಾತ್ರ.

ಮಳೆ ಹಿಡಿಯುವ ಮೊದಲೇ ಒಡ್ಡು ಎದ್ದಿತು. ಅಜ್ಜಿ ಈಗ ಅದರ ಮೇಲೆ ನಡೆಯುತ್ತ ಬಂದವರಿಗೆಲ್ಲ ತೋರಿಸುತ್ತಾಳೆ. ಇಕ ಇದು ಮಂತ್ರಿಗಳು, ಇದು ಅಧ್ಯಕ್ಷರು, ಇದು ಕಾರ್ಯದರ್ಶಿ. ಎಲ್ಲರೂ ಗಟ್ಟಿಯಾಗಿ ನಿಂತು ದೇಶ ಕಾಯುತ್ತಿದ್ದಾರೆ. ಖಜಾಂಚಿಗಳ ಭಾಗ ಮಾತ್ರ ಎಷ್ಟು ಮೆತ್ತಿದರೂ ಸ್ವಲ್ಪ ಸೋರುತ್ತದೆ.